ಓರಗಿತ್ತಿ ಸಿಸ್ಟರ್ಸ್

ಹೆಂಡತಿ ಪ್ರಸಿದ್ಧಳಾದರೆ ಗಂಡನಿಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಅನುಭವದಿಂದಲೇ ಉತ್ತರ ಹೇಳಬಲ್ಲೆ: ಸೊಂಟ ಹಿಡಿದುಕೊಳ್ಳುತ್ತದೆ. ಹೆಮ್ಮೆ, ಅಸೂಯೆ, ಕೀಳರಿಮೆ ಮುಂತಾದ ದೊಡ್ಡ ದೊಡ್ಡ ಭಾವನೆಗಳೆಲ್ಲ ಆಮೇಲಿನ ಮಾತು. ಮೊದಲು ಸ್ಪೀಕರ್ ಎತ್ತಬೇಕು, ಟೆಂಪೋಗೆ ಏರಿಸಬೇಕು, ಮದುವೆ ಹಾಲಿನ ಹಿಂಬಾಗಿಲಿನಿಂದ ಅಡುಗೆಯವರ ಕಾಲಿಗೆ ತಾಗದಂತೆ ಒಳಗೆ ಸಾಗಿಸಬೇಕು. ಇಷ್ಟು ಮಾಡುವಷ್ಟರಲ್ಲಿ ಅಸೂಯೆ ಪಡುವುದಕ್ಕೆ ಮೈಯಲ್ಲಿ ತ್ರಾಣವೇ ಉಳಿದಿರುವುದಿಲ್ಲ. ಕೆಲವು ತಿಂಗಳ ಮಟ್ಟಿಗೆ ನಾನು ಒಂದು ಪಾಪ್ ಜೋಡಿಯ ಮ್ಯಾನೇಜರ್ ಆಗಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗೆ ನೋಡಿದರೆ ಆ ಜೋಡಿಯವರೂ ನಂಬುವುದಿಲ್ಲ. ನನ್ನನ್ನು ಪರಿಚಯಿಸಬೇಕಾಗಿ ಬಂದಾಗ ನನ್ನ ಹೆಂಡತಿ ವನಜ, "ಇವರು ನಮ್ಮ ಸಾಮಾನು ನೋಡ್ಕೊಳ್ಳುವವರು" ಎನ್ನುತ್ತಿದ್ದಳು.

ನಮ್ಮದು ಕುಂದಾಪುರದ ಕಡೆ. ಅಹಮದಾಬಾದಿನ ನವರಂಗಪುರದಲ್ಲಿ ಹೋಟೆಲು. ಇಲ್ಲಿ ದೋಸೆ ಮಾರುವವರಿಗೆಲ್ಲ ಒಂದೇ ಹೆಸರು, ಅಣ್ಣಾ. ಕಾಲೇಜು ಹುಡುಗಿಯಿಂದ ಹಿಡಿದು ನನ್ನ ಅಜ್ಜನ ವಯಸ್ಸಿನ ಶೇಠರವರೆಗೆ ಎಲ್ಲರಿಗೂ ನಾನು ಅಣ್ಣಾ. ಆಲೂಗಡ್ಡೆ, ಈರುಳ್ಳಿ ಮುಟ್ಟದ ಜೈನರಿಗಾಗಿ ಬಾಳೆಕಾಯಿ ಪಲ್ಯದ ಮಸಾಲೆ ದೋಸೆ ಮಾಡುತ್ತೇವೆ. ಮಕ್ಕಳಿಗಾಗಿ ಅದರ ಮೇಲೆ ಚೀಸ್ ತುರಿಯುತ್ತೇವೆ. ಬದುಕಿದ್ದರೆ ನಮ್ಮಪ್ಪ ಆ ದೋಸೆಯನ್ನು ಕಂಡು ಪ್ರಾಯಶ್ಚಿತ್ತ ಮಾಡಿಸುತ್ತಿದ್ದರು. ಸಂಜೆ ರಶ್ ಇದ್ದಾಗ ಟೋಕನ್ ನಂಬರು ಕೂಗುವುದು ವನಜನ ಕೆಲಸ. ಅವಳು ಕೂಗಿದರೆ ಒಳಗಿದ್ದವರು ಮಾತ್ರವಲ್ಲ, ರಸ್ತೆಯಾಚೆ ಆಟೋಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಾರೆ. ಆ ಗಂಟಲಿಗೆ ಒಂದು ಇತಿಹಾಸ ಉಂಟು. ಮದುವೆಗೆ ಮೊದಲು ಅವಳು ತನ್ನ ಊರಿನ ಬೀಗರ ಹಾಡಿನ ಪರಿಣತೆ. ಮದುವೆ ಊಟದ ಪಂಕ್ತಿಯಲ್ಲಿ ಹೆಂಗಸರು ಎದುರು ಪಕ್ಷದವರನ್ನು ಹಾಡಿನಲ್ಲಿ ಗೇಲಿ ಮಾಡುತ್ತಾರಲ್ಲ, ಅದು. ಬೀಗರ ಹೊಟ್ಟೆ, ಬೀಗಿತಿಯ ಜಡೆ, ಮದುಮಗನ ಮೂಗು, ಯಾವುದಕ್ಕೂ ರಿಯಾಯಿತಿ ಇಲ್ಲ. ಅದಕ್ಕೆ ಒಂದೇ ನಿಯಮ: ಹಾಡಿನಲ್ಲಿ ಹೇಳಿದ್ದಕ್ಕೆ ಯಾರೂ ಸಿಟ್ಟಾಗುವಂತಿಲ್ಲ. ಬೈಸಿಕೊಂಡವನು ಹೋಳಿಗೆ ಬಾಯಿಗಿಟ್ಟು ನಗುತ್ತಲೇ ಇರಬೇಕು.

ಜೋಡಿಯ ಇನ್ನೊಬ್ಬಳು ಸುಮತಿ, ನನ್ನ ತಮ್ಮ ರಘುವಿನ ಹೆಂಡತಿ. ರಘುವಿನ ಹೋಟೆಲು ಸೂರತ್ತಿನ ಕತಾರ್‌ಗಾಮ್‌ನಲ್ಲಿ, ವಜ್ರ ಸಾಣೆ ಹಿಡಿಯುವ ಕಾರ್ಖಾನೆಗಳ ನಡುವೆ. ವನಜ ಮತ್ತು ಸುಮತಿ ಓರಗಿತ್ತಿಯರು. ಓರಗಿತ್ತಿಯರು ಎಂದರೆ ಜಗಳ ಎಂದು ಲೋಕವೆಲ್ಲ ತಿಳಿದಿದೆ. ಆದರೆ ಇವರಿಬ್ಬರೂ ಒಂದು ದಿನವೂ ಜಗಳವಾಡಿದವರಲ್ಲ. ಅದೇ ತೊಂದರೆಯಾಗಿತ್ತು. ಮದುವೆಯಾದ ಹೊಸತರಲ್ಲಿ ಸುಮತಿಗೆ ಆರು ತಿಂಗಳಾಗಿದ್ದಾಗ ಹೊಟ್ಟೆಯಲ್ಲೇ ಮಗು ಹೋಯಿತು. ಊರಿನಿಂದ ನೆಂಟರು ಬಂದರು, ನಾನೂ ಹೋಗಿ ಬಂದೆ, ವನಜ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಸುಮತಿ ಕೇಳಲಿಲ್ಲ, ವನಜ ಹೇಳಲಿಲ್ಲ. ಮುಂದೆ ಸುಮತಿಗೆ ಮಗ ಹುಟ್ಟಿದ, ಅವನೀಗ ಹೈಸ್ಕೂಲಿನಲ್ಲಿದ್ದಾನೆ. ಆದರೂ ಆ ಮಾತು ಅಲ್ಲೇ ಉಳಿಯಿತು. ಸುಮತಿ ಹಬ್ಬಕ್ಕೆ ಬರುತ್ತಿದ್ದಳು, "ಪಾಯಸ ಚೆನ್ನಾಗಿದೆ ಅಕ್ಕ" ಎನ್ನುತ್ತಿದ್ದಳು, ತಟ್ಟೆ ತೊಳೆದಿಟ್ಟು ಹೊರಡುತ್ತಿದ್ದಳು. ಅವರಿಬ್ಬರ ಮರ್ಯಾದೆ ನೋಡಿ ನನಗೆ ಸಂಕಟವಾಗುತ್ತಿತ್ತು. ಒಂದು ಸಲವಾದರೂ ಪಾತ್ರೆ ಎಸೆದಾಡಿಕೊಳ್ಳಬಾರದೇ ಎನಿಸುತ್ತಿತ್ತು.

ಇಂಥವರು ಪಾಪ್ ಗಾಯಕಿಯರಾದದ್ದು ಒಂದು ಮದುವೆಯಲ್ಲಿ. ಅಹಮದಾಬಾದಿನ ನಮ್ಮ ಕನ್ನಡದವರ ಹುಡುಗಿಯೊಬ್ಬಳು ಗುಜರಾತಿ ಹುಡುಗನನ್ನು ಮದುವೆಯಾದಳು. ಗುಜರಾತಿನಲ್ಲೂ ಈ ಬೈಗುಳದ ಹಾಡು ಉಂಟು, ಫಟಾಣಾ ಎನ್ನುತ್ತಾರೆ. ಗಂಡಿನ ಕಡೆಯ ಹೆಂಗಸರು ಮೈಕ್ ಹಿಡಿದು ನಮ್ಮ ಹುಡುಗಿಯ ಕಡೆಯವರನ್ನು ಒಬ್ಬೊಬ್ಬರಾಗಿ ಹಿಡಿದು ಹಿಂಡತೊಡಗಿದರು. ನಮ್ಮ ಕಡೆಯವರೆಲ್ಲ ಐಟಿ, ಬ್ಯಾಂಕು, ಸಂಶೋಧನೆ ಎಂದು ಬಂದವರು. ಉತ್ತರ ಕೊಡಲು ಒಬ್ಬರಿಗೂ ಬಾರದು. ಎಲ್ಲರೂ ಮೊಬೈಲ್ ನೋಡುತ್ತ ಕೂತರು. ವನಜನಿಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಮೈಕ್ ಕಿತ್ತುಕೊಂಡು ಮದುಮಗನ ಮೂಗಿನಿಂದ ಶುರುಮಾಡಿದಳು. ಸೂರತ್ತಿನಲ್ಲಿದ್ದು ಗುಜರಾತಿ ಚೆನ್ನಾಗಿ ಬಲ್ಲ ಸುಮತಿ ಪಕ್ಕದಲ್ಲಿ ನಿಂತು ಪ್ರತಿ ನುಡಿಯ ಸಾರಾಂಶವನ್ನು ಒಂದೇ ಸಾಲಿನಲ್ಲಿ ಹೇಳುತ್ತ ಹೋದಳು. ಗಂಡಿನ ಕಡೆಯವರು ಸೋತು ಕುಳಿತರು. ವನಜನ ಉತ್ಸಾಹ ಮಾತ್ರ ಇನ್ನೂ ಇಳಿದಿರಲಿಲ್ಲ. ಬೈಯಲು ಯಾರೂ ಉಳಿಯದೆ ಹತ್ತಿರ ಸಿಕ್ಕವಳ ಕಡೆ ತಿರುಗಿದಳು:

ಸೂರತ್ತಿನ ಸುಮತಿಗೆ ಸೀರೆಯ ಮೇಲೆ ಸೀರೆ
ಸಾರಿಗೆ ಉಪ್ಪು ಹಾಕಲು ಮರೆತಳು ಈ ನೀರೆ

ನಾನು ಎದೆ ಹಿಡಿದುಕೊಂಡೆ. ಸುಮತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಉತ್ತರ ಕೊಟ್ಟಳು:

ಅಹಮದಾಬಾದಿನ ಅಕ್ಕನ ದೋಸೆ
ಕಾವಲಿ ಬಿಟ್ಟು ಏಳಲು ಇಲ್ಲ ಆಸೆ
ಎಬ್ಬಿಸ ಹೋದ ಭಾವನ ಮೀಸೆ
ಅರ್ಧವೇ ಉಳಿಯಿತು, ಪಾಪ!

ಹಾಲಿನಲ್ಲಿದ್ದವರೆಲ್ಲ ತಿರುಗಿ ನನ್ನ ಮೀಸೆ ನೋಡಿದರು. ಇವರು ದೇರಾಣಿ-ಜೇಠಾಣಿ, ಅಂದರೆ ಓರಗಿತ್ತಿಯರು, ಎಂದು ಗೊತ್ತಾದ ಮೇಲಂತೂ ಎರಡೂ ಪಕ್ಷದವರು ತಮ್ಮ ಜಗಳ ಬಿಟ್ಟು ಇವರ ಜಗಳಕ್ಕೆ ಚಪ್ಪಾಳೆ ತಟ್ಟತೊಡಗಿದರು. ನನ್ನ ಮಗಳು ಮೈತ್ರಿ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನಸು ಕಾಣುವುದು ಗುಜರಾತಿಯಲ್ಲಿ, ಸಿಟ್ಟಾಗುವುದು ಇಂಗ್ಲಿಷಿನಲ್ಲಿ. ಕನ್ನಡ ಎಂದರೆ ಊಟ ತಿಂಡಿಗೆ ಬೇಕಾದಷ್ಟು. ಅವಳು ಆ ಹಾಡಿನ ಕೆಳಗೆ ಲ್ಯಾಪ್‌ಟಾಪಿನಲ್ಲಿ ಡೋಲು, ಬೇಸು, ಇನ್ನೂ ಏನೇನೋ ಧಡಬಡ ಸೇರಿಸಿ, 'ಓರಗಿತ್ತಿ ಸಿಸ್ಟರ್ಸ್' ಎಂದು ಹೆಸರಿಟ್ಟು ಇಂಟರ್ನೆಟ್ಟಿನಲ್ಲಿ ಹರಿಯಬಿಟ್ಟಳು. "ಓರಗಿತ್ತಿಯರು ಸಿಸ್ಟರ್ಸ್ ಹೇಗೆ ಆಗ್ತಾರೆ ಮಾರಾಯ್ತಿ?" ಎಂದು ನಾನು ಕೇಳಿದೆ. "ಅಪ್ಪ, ಬ್ಯಾಂಡ್ ನೇಮ್‌ಗೆ ಲಾಜಿಕ್ ಬೇಡ" ಎಂದಳು.

ಅದನ್ನು ನೋಡಿ ವಡೋದರದಿಂದ ಕರೆ ಬಂತು. ಅಲ್ಲಿಯದೂ ಒಂದು ಮದುವೆ, ಅರಿಶಿನ ಹಚ್ಚುವ ಬೆಳಗಿನ ಕಾರ್ಯಕ್ರಮ. ಆ ದಿನಕ್ಕೆಂದು ಸುಮತಿ ಸೂರತ್ತಿನಿಂದ ಇಬ್ಬರಿಗೂ ಒಂದೇ ಥರದ ಸೀರೆ ತಂದಳು. ಅದರ ತುಂಬ ಅಂಟಿಸಿದ ಮಿಂಚಿಗೆ ಬೆಳಕು ಬಿದ್ದು ಫೋಟೋಗ್ರಾಫರ್ ಕಣ್ಣು ಉಜ್ಜಿಕೊಳ್ಳುತ್ತ, "ಬೆನ್, ಸ್ವಲ್ಪ ನೆರಳಿಗೆ ಬನ್ನಿ" ಎಂದು ಬೇಡಿಕೊಂಡ. ಇಬ್ಬರೂ ಬೇರೆ ಬೇರೆ ಊರಲ್ಲಿದ್ದುದರಿಂದ ಅಭ್ಯಾಸವೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಮಧ್ಯಾಹ್ನ ಹೋಟೆಲು ಖಾಲಿಯಾದ ಹೊತ್ತಿನಲ್ಲಿ ವನಜ ಗ್ರೈಂಡರಿನ ಪಕ್ಕ ಕುಳಿತು ಸೂರತ್ತಿಗೆ ಫೋನು ಹಚ್ಚಿ ಬೈಯುವುದು, ಅತ್ತಲಿಂದ ಬೈಗುಳ ಬರುವುದು, ಎರಡೂ ಕಡೆ ನಗು. ಪ್ರಾಸ ಸಿಗದಿದ್ದರೆ ನನ್ನನ್ನು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಒಂದು ಸಲವೂ ಬಳಸಲಿಲ್ಲ.

ಬರಬರುತ್ತ ನಾನೊಂದು ವಿಷಯ ಗಮನಿಸಿದೆ. ಮೊದಲೆಲ್ಲ ಬೈಗುಳ ಕಟ್ಟುಕತೆಯಾಗಿತ್ತು. ಸುಮತಿಯ ಸಾರಿಗೆ ಉಪ್ಪು ಯಾವತ್ತೂ ಸರಿಯಾಗಿಯೇ ಇತ್ತು. ಆದರೆ ವಡೋದರದಲ್ಲಿ ಸುಮತಿ ನಮ್ಮ ಅಮ್ಮನ ಚಿನ್ನದ ಅವಲಕ್ಕಿ ಸರದ ವಿಷಯ ತೆಗೆದಳು. ಅಮ್ಮ ತೀರಿಕೊಂಡ ಮೇಲೆ ಆ ಸರ ಹಿರಿಯ ಸೊಸೆಗೆ ಬಂದಿತ್ತು. "ಅಕ್ಕನ ಕೊರಳಿಗೆ ಅವಲಕ್ಕಿ ಸರ, ನನ್ನ ಪಾಲಿಗೆ ಬರೀ ಅವಲಕ್ಕಿ" ಎಂದು ಹಾಡಿದಳು. ನಿಯಮದಂತೆ ವನಜ ನಗಬೇಕು, ನಕ್ಕಳು. ಉತ್ತರವಾಗಿ, ಸುಮತಿ ಒಮ್ಮೆ ಒಯ್ದು ಹಿಂತಿರುಗಿಸದ ಮಿಕ್ಸಿ ಜಾರಿನ ಮೇಲೆ ಎರಡು ನುಡಿ ಹಾಡಿದಳು. ಮರುವಾರ ಕೊರಿಯರಿನಲ್ಲಿ ಮಿಕ್ಸಿ ಜಾರು ಬಂತು. ಅದಾದ ಮೇಲೆ ವನಜ ಅವಲಕ್ಕಿ ಸರವನ್ನು ಕರವಸ್ತ್ರದಲ್ಲಿ ಸುತ್ತಿ, ಸೂರತ್ತಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕೊಟ್ಟು ಕಳಿಸಿದಳು. ಸುಮತಿ ಹಾಕಿಕೊಂಡು ಫೋಟೋ ಕಳಿಸಿದಳು. ಮನೆಯಲ್ಲಿ ಎದುರಿಗೆ ಕೂತು ಆಡಿದ್ದರೆ ಮನೆ ಒಡೆಯುತ್ತಿದ್ದ ಮಾತುಗಳೆಲ್ಲ ಡೋಲಿನ ಸದ್ದಿನಲ್ಲಿ ಸಲೀಸಾಗಿ ಹೊರಬರುತ್ತಿದ್ದವು. ನಾನು ಒಳಗೊಳಗೇ ಖುಷಿಪಟ್ಟೆ. ಒಂದು ಮಾತು ಮಾತ್ರ ಹೊರಬರಲಿಲ್ಲ. ಅದು ಹಾಡಿಗೆ ಒಗ್ಗುವ ಮಾತೂ ಆಗಿರಲಿಲ್ಲ.

ಮುಂದಿನ ಕರೆ ಸೂರತ್ತಿನಿಂದಲೇ ಬಂತು. ಕತಾರ್‌ಗಾಮ್‌ನ ವಜ್ರದ ವ್ಯಾಪಾರಿಯೊಬ್ಬರು ರಘುವಿನ ಹೋಟೆಲಿನ ಗಿರಾಕಿ. ಅವರ ಮನೆಯಲ್ಲಿ ಸಮಾರಂಭ, ಓರಗಿತ್ತಿ ಸಿಸ್ಟರ್ಸ್ ಬೇಕೇ ಬೇಕು ಎಂದರು. ನಾನು ಹೂಂ ಎಂದೆ. ಮ್ಯಾನೇಜರ್ ಎಂದು ಹೇಳಿಕೊಳ್ಳುವವನ ಕಣ್ಣಿಗೆ ದಿನ ಖಾಲಿ ಇದೆಯೇ ಎನ್ನುವುದೊಂದೇ ಕಾಣುವುದು. ಹಾಲಿನೊಳಗೆ ಸ್ಪೀಕರ್ ಹೊತ್ತು ಬಂದಾಗಲೇ ನನಗೆ ತಿಳಿದದ್ದು, ಅದು ಸೊಸೆಯ ಸೀಮಂತ. ಹೂವಿನ ಮಂಟಪದಲ್ಲಿ ತುಂಬು ಬಸುರಿ ಹುಡುಗಿಯೊಬ್ಬಳು ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕುಳಿತಿದ್ದಳು. ನಾನು ಸುಮತಿಯ ಮುಖ ನೋಡಿದೆ. ಅವಳು ಏನೂ ಆಗದವಳ ಹಾಗೆ ಮೈಕ್ ಪರೀಕ್ಷೆ ಮಾಡುತ್ತಿದ್ದಳು.

ಶುರುವಿನಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು. ಸೀರೆ, ಉಪ್ಪು, ದೋಸೆ, ನನ್ನ ಮೀಸೆ. ಜನ ನಕ್ಕರು. ವನಜ ತನ್ನ ಸರದಿ ಮುಗಿಸಿ ಸುಮತಿಯ ಕಡೆ ಕೈ ತೋರಿಸಿದಳು. ಸುಮತಿ ಬಸುರಿ ಹುಡುಗಿಯನ್ನು ನೋಡಿದಳು, ವನಜನನ್ನು ನೋಡಿದಳು, ಅಭ್ಯಾಸದಲ್ಲಿ ಇಲ್ಲದ್ದನ್ನು ಹಾಡಿದಳು:

ತೊಟ್ಟಿಲು ಕಟ್ಟದ ಮನೆಯಲಿ ನಾನು
ಬಾಗಿಲ ನೋಡುತ ಕೂತಿದ್ದೆ
ನೆಂಟರು ಬಂದರು, ನೆರೆಯವರು ಬಂದರು
ಅಕ್ಕಾ, ನೀನು ಎಲ್ಲಿದ್ದೆ?

ಗುಜರಾತಿ ಸಾರಾಂಶ ಹೇಳಲಿಲ್ಲ. ಲ್ಯಾಪ್‌ಟಾಪಿನ ಡೋಲು ತನ್ನ ಪಾಡಿಗೆ ಬಡಿಯುತ್ತಲೇ ಇತ್ತು. ಜನ ತಾಳ ಹಾಕುತ್ತಲೇ ಇದ್ದರು. ಅವರ ಪಾಲಿಗೆ ಅದೂ ಒಂದು ಜಗಳವೇ. ಹಿಂದೆ ನಿಂತಿದ್ದ ರಘು ತಲೆ ತಗ್ಗಿಸಿದ. ಮೈತ್ರಿ ನನ್ನ ತೋಳು ಹಿಡಿದು, "ಅಪ್ಪ, ಇದು ಸ್ಕ್ರಿಪ್ಟ್‌ನಲ್ಲಿ ಇತ್ತಾ?" ಎಂದಳು. ವನಜ ಮೈಕ್ ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಅವಳು ಹಾಗೇ ಇಳಿದು ಬರುತ್ತಾಳೆ ಎಂದುಕೊಂಡೆ. ಆದರೆ ಬೀಗರ ಹಾಡಿಗೆ ಉತ್ತರ ಕೊಡದೆ ಬರುವುದು ಅವಳ ಜಾಯಮಾನದಲ್ಲೇ ಇಲ್ಲ.

ಬಂದಿದ್ದೆ ಸುಮತಿ, ಸ್ಟೇಷನ್ನಿನ ತನಕ
ಬುತ್ತಿಯ ಕಟ್ಟಿ ತಂದಿದ್ದೆ
ಏನೆಂದು ಹೇಳಲಿ ಎಂಬುದು ತಿಳಿಯದೆ
ಬೆಂಚಿನ ಮೇಲೆ ಕೂತಿದ್ದೆ
ಬಂದ ದಾರಿಯಲೇ ಹೋಗಿದ್ದೆ

ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಈ ಸುದ್ದಿ ನನಗೂ ಹೊಸತು. ಆ ದಿನ ಅವಳು ವಡೋದರದಲ್ಲಿ ಯಾರದೋ ಮನೆಯ ಪೂಜೆಗೆ ಹೋಗಿದ್ದಾಳೆಂದೇ ನಾನು ನಂಬಿದ್ದೆ. ಮೈತ್ರಿ ಆಗ ಕೈಗೂಸು. ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಆ ಮನೆಗೆ ಹೋಗುವುದು ಹೇಗೆ ಎಂದು ಪಕ್ಕದ ಮನೆಯ ಗುಜರಾತಿ ಅಜ್ಜಿಯ ಹತ್ತಿರ ಬಿಟ್ಟು ಹೊರಟಿದ್ದಳಂತೆ. ಸೂರತ್ತಿನಲ್ಲಿ ಇಳಿದ ಮೇಲೆ, ಮಗು ಎಲ್ಲಿ ಎಂದು ಸುಮತಿ ಕೇಳಿದರೆ ಏನು ಹೇಳಲಿ ಎಂದು ಕಾಲು ಮುಂದೆ ಹೋಗಲಿಲ್ಲವಂತೆ. ಬುತ್ತಿಯನ್ನು ಬೆಂಚಿನಲ್ಲಿದ್ದವರಿಗೆ ಕೊಟ್ಟು ಮರಳುವ ರೈಲು ಹತ್ತಿದಳಂತೆ. ಇದನ್ನೆಲ್ಲ ಆಮೇಲೆ ರಘುವಿನ ಮನೆಯಲ್ಲಿ ಕುಳಿತು ಹೇಳಿದಳು. ವೇದಿಕೆಯ ಮೇಲೆ ಆಗ ಸುಮತಿ ಬಂದು ಅವಳನ್ನು ಅಪ್ಪಿಕೊಂಡಳು. ಎರಡು ಮೈಕುಗಳು ಒಂದಕ್ಕೊಂದು ತಾಗಿ ಕೀರ್ ಎಂದವು. ಜನ ಎದ್ದುನಿಂತು "ವನ್ಸ್ ಮೋರ್" ಎಂದು ಕೂಗಿದರು. ಆ ಗದ್ದಲದಲ್ಲೇ ವನಜ ಕಣ್ಣೊರೆಸಿಕೊಂಡು, ಬಸುರಿ ಹುಡುಗಿಯ ಕಡೆ ತಿರುಗಿ, ನಿನ್ನ ಮಡಿಲು ತುಂಬಲಿ, ನಿನ್ನ ಮನೆಗೆ ಎಲ್ಲರೂ ಬರಲಿ ಎಂದು ಹರಸಿ ಹಾಡು ಮುಗಿಸಿದಳು. ಅದಕ್ಕೆ ಸುಮತಿ ಗುಜರಾತಿ ಸಾರಾಂಶ ಹೇಳಿದಳು. ಆ ಮನೆಯ ಯಜಮಾನರು ನನ್ನ ಕೈ ಕುಲುಕಿ, "ಅಣ್ಣಾ, ಏನು ಆ್ಯಕ್ಟಿಂಗ್!" ಎಂದರು. ನಾನು ತಲೆಯಾಡಿಸಿದೆ.

ಅದು ಓರಗಿತ್ತಿ ಸಿಸ್ಟರ್ಸ್ ಕಂಡ ಅತಿ ದೊಡ್ಡ ಯಶಸ್ಸು. ಅವರ ಅವನತಿ ಶುರುವಾದದ್ದೂ ಅಲ್ಲಿಂದಲೇ. ವನಜ ಸೂರತ್ತಿನಲ್ಲೇ ಉಳಿದಳು. "ನಾಳೆ ಬರ್ತೇನೆ" ಎಂದವಳು ವಾರ ಕಳೆದು ಬಂದಳು, ಬರುವಾಗ ಸುಮತಿಯನ್ನೂ ಕರೆತಂದಳು. ಇಬ್ಬರೂ ಸೇರಿ ನನ್ನ ಹೋಟೆಲಿನ ಸಾಂಬಾರನ್ನು ತಿದ್ದಿದರು. ಮುಂದೆ ಅಹಮದಾಬಾದಿನಲ್ಲೇ ಒಂದು ಹೌಸಿಂಗ್ ಸೊಸೈಟಿಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಡೋಲು ಶುರುವಾಯಿತು. ವನಜ ಹಾಡಿದಳು: ಸುಮತಿಯ ಸಾರಿಗೆ ದೇವರೂ ಕೈಯೊಡ್ಡುವನು. ಸುಮತಿ ಹಾಡಿದಳು: ಅಕ್ಕನ ದೋಸೆ ಹೂವಿನ ಹಾಗೆ ಏಳುವುದು. ಕೇಳಲು ಯಾವುದೋ ಹೋಟೆಲಿನ ಜಾಹೀರಾತಿನಂತಿತ್ತು. ಜನ ಸ್ವಲ್ಪ ಹೊತ್ತು ಕಾದರು, ಆಮೇಲೆ ಐಸ್‌ಕ್ರೀಮಿನ ಕೌಂಟರಿನ ಕಡೆ ಸರಿದರು. ಸೊಸೈಟಿಯ ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ಅಣ್ಣಾ, ಝಗಡೋ ಕ್ಯಾಂ ಛೇ?" ಎಂದರು. ಜಗಳ ಎಲ್ಲಿ ಎಂದು. ನನಗೂ ಅದೇ ಪ್ರಶ್ನೆ.

ಮ್ಯಾನೇಜರನಾಗಿ ನಾನು ಕೈಕಟ್ಟಿ ಕೂರುವಂತಿರಲಿಲ್ಲ. ಮನೆಯ ಹೆಂಗಸರಿಗೆ ಜಗಳ ಹಚ್ಚಲು ಒದ್ದಾಡಿದ ಗಂಡಸು ನಾನೊಬ್ಬನೇ ಇರಬೇಕು. "ಸುಮತಿ ನಿನ್ನ ಉಪ್ಪಿನಕಾಯಿ ಬಗ್ಗೆ ಏನೋ ಹೇಳ್ತಿದ್ದಳು" ಎಂದು ವನಜನ ಕಿವಿಗೆ ಹಾಕಿದೆ. ಅವಳು ಅಲ್ಲೇ ಫೋನು ಮಾಡಿ, "ಇವ್ರು ನಮ್ಮಿಬ್ಬರಿಗೆ ತಂದಿಡ್ಲಿಕ್ಕೆ ನೋಡ್ತಿದ್ದಾರೆ, ಕೇಳು" ಎಂದು ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಸುಮತಿ, "ಭಾವ, ನನ್ನ ಹತ್ತಿರವೂ ಹೀಗೇ ಹೇಳಿದ್ದೀರಲ್ಲ, ಬೆಳಿಗ್ಗೆ!" ಎಂದಳು. ಇಬ್ಬರೂ ಎಷ್ಟು ನಕ್ಕರೆಂದರೆ ಗಿರಾಕಿಗಳು ಏನಾಯಿತೆಂದು ಒಳಗೆ ಬಂದು ನೋಡಿದರು. ಓರಗಿತ್ತಿ ಸಿಸ್ಟರ್ಸ್ ಅಲ್ಲಿಗೆ ಮುಗಿಯಿತು. ಜೋಡಿಗಳು ಜಗಳವಾಡಿ ಮುರಿಯುವುದನ್ನು ಕೇಳಿದ್ದೇನೆ. ಜಗಳ ಮುಗಿದು ಮುರಿದ ಜೋಡಿ ನಮ್ಮದೊಂದೇ ಇರಬಹುದು. ಮೈತ್ರಿಗೆ ಬೇಸರವಾಯಿತು, ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಆಗಲಿಲ್ಲ.

ಅವರ ಫೋನು ಮಾತ್ರ ದಿನಾ ಮಧ್ಯಾಹ್ನ ಈಗಲೂ ನಡೆಯುತ್ತದೆ. ಗಲ್ಲಾದಲ್ಲಿ ಕುಳಿತು ಅದನ್ನು ಕೇಳುತ್ತಿರುವಾಗ ಒಂದು ದಿನ ನನಗೆ ನನ್ನ ತಮ್ಮನ ನೆನಪಾಯಿತು. ಮೂರು ಊರಿನಲ್ಲಿ ನಾವಿಬ್ಬರೂ ಸ್ಪೀಕರಿನ ಎರಡು ತುದಿ ಹಿಡಿದಿದ್ದೇವೆ. ಆಡಿದ ಮಾತು "ಎತ್ತು", "ಇಳಿಸು", "ಬಾಗಿಲು ಜೋಪಾನ" ಇಷ್ಟೇ. ಮೊದಲು ನವರಂಗಪುರದ ಹೋಟೆಲನ್ನು ಇಬ್ಬರೂ ಸೇರಿಯೇ ನಡೆಸುತ್ತಿದ್ದೆವು. ಎರಡು ಸಂಸಾರಕ್ಕೆ ಅದು ಸಾಲದೆ ಅವನು ಸೂರತ್ತಿಗೆ ಹೋದ. ಹೋಗುವ ದಿನ ಅವನು ಸೂಟ್‌ಕೇಸ್ ಹಿಡಿದು "ಬರ್ತೇನೆ ಅಣ್ಣ" ಎಂದ, ನಾನು ಗಿರಾಕಿಗೆ ಚಿಲ್ಲರೆ ಕೊಡುತ್ತ "ಆಯ್ತು" ಎಂದೆ. ಆ ದಿನ ನನಗೆ ಅನ್ನ ಸೇರಲಿಲ್ಲ. ಅದನ್ನು ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಫೋನು ಹಚ್ಚಿದ್ದೇನೆ. ಹಚ್ಚಿದ ಮೇಲೆ ಹುಣಿಸೆಹಣ್ಣಿನ ರೇಟು ಕೇಳಿ ಇಟ್ಟಿದ್ದೇನೆ. ಗಂಡಸರಿಗೆ ಬೀಗರ ಹಾಡು ಯಾಕೆ ಇಲ್ಲ ಎಂದು ಆ ಮಧ್ಯಾಹ್ನ ನನಗೆ ಸಿಟ್ಟೇ ಬಂತು. ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಸೂರತ್ತಿಗೆ ಫೋನು ಮಾಡಿದೆ. ರಘು ಎತ್ತಿ "ಎಂತ ಅಣ್ಣ?" ಎಂದ ಕೂಡಲೇ ಕಣ್ಣು ಮುಚ್ಚಿಕೊಂಡು ಹಾಡಿಯೇಬಿಟ್ಟೆ:

ರಘುವೇ, ನೀನು ಹೋದ ದಿನ
ಅನ್ನವೇ ಸೇರಲಿಲ್ಲ ನಂಗೆ
ಅನ್ನವೇ ಸೇರಲಿಲ್ಲ

ಪ್ರಾಸ ಹೊಳೆಯಲಿಲ್ಲ. ರಾಗ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು. ಹಾಡು ನಿಂತ ಮೇಲೆ ರಘು ಮೆಲ್ಲಗೆ, "ಅಣ್ಣ, ಅತ್ತಿಗೆ ಹತ್ತಿರ ಇದ್ದಾರಾ? ನೀನು ಒಂದ್ ಸಲ ಕನ್ನಡಿಯಲ್ಲಿ ಮುಖ ಕಾಣ್. ಬಾಯಿ ಏನಾದ್ರೂ ಸೊಟ್ಟ ಆಗಿದ್ಯಾ?" ಎಂದ. ನನಗೆ ಲಕ್ವ ಹೊಡೆಯಿತೆಂದು ಅವನಿಗೆ ಅನುಮಾನ. "ತಮಾಷೆ ಮಾರಾಯ" ಎಂದು ನಕ್ಕು ಫೋನು ಇಟ್ಟೆ.

ಸಂಜೆಯ ಟೋಕನ್ ಶುರುವಾಗಿತ್ತು. ತಲೆಯೆತ್ತಿದರೆ ಗಲ್ಲಾದ ಮುಂದೆ ರಘು. ಹೋಟೆಲಿನ ಅಂಗಿಯಲ್ಲೇ ಸಿಕ್ಕಿದ ರೈಲು ಹಿಡಿದು ಬಂದಿದ್ದ; ತೋಳಿನ ಮೇಲೆ ಹಿಟ್ಟು ಒಣಗಿತ್ತು. ಮಾತಿಲ್ಲ ಕತೆಯಿಲ್ಲ, "ಎರಡೂ ಕೈ ಮೇಲೆ ಎತ್ತು" ಎಂದ. ಗಿರಾಕಿಗಳ ಎದುರು ಎತ್ತಿದೆ. "ನಾಲಿಗೆ ಚಾಚು." ಚಾಚಿದೆ. ಕೌಂಟರಿನಾಚೆಯಿಂದ ನನ್ನ ಹಣೆ ಮುಟ್ಟಿ ನೋಡಿದ, ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟ. "ನಂಗೂ ಆ ದಿನ ರೈಲಲ್ಲಿ ಊಟ ಬೇಡಾಯ್ತು" ಎಂದ. ನಾನು ಕೈ ಇಳಿಸುವುದನ್ನೇ ಮರೆತು ನಿಂತಿದ್ದೆ. ಅವನು ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಇನ್ನು ಮೇಲೆ ಎಂತ ಬೇಕಾದ್ರೂ ಮಾಡು, ಹಾಡಬೇಡ ಅಣ್ಣ. ಒಂದು ಮಿಸ್ಡ್ ಕಾಲ್ ಕೊಡು, ನಾನೇ ಬತ್ತೆ."